ಬ್ಲೇಡ್ ನಿಲ್ಲುವ ಮೊದಲು ಮೈಟರ್ ಸಾ ಹಿಡಿ ಎತ್ತಬೇಡಿ

ಚೌಕಟ್ಟಿನ ಪಟ್ಟಿಗಳನ್ನು 45 ಡಿಗ್ರಿಗೆ ಕೊಯ್ಯುವಾಗ ಒಂದು ವರ್ಕ್‌ಶಾಪ್‌ನಲ್ಲಿ ಆದ ಅವಘಡ ಇದು. ಯಂತ್ರ 10 ಇಂಚಿನ ಮೈಟರ್ ಸಾ, ಅಂದರೆ ತಿರುಗುವ ದುಂಡು ಬ್ಲೇಡನ್ನು ಹಿಡಿಯಿಂದ ಮರದ ಮೇಲೆ ಇಳಿಸಿ ನೇರವಾಗಿ ಇಲ್ಲವೇ ಓರೆಯಾಗಿ ಕೊಯ್ಯುವ ಗರಗಸ. ಪಟ್ಟಿ 40 ಮಿ.ಮೀ. ಅಗಲ, 18 ಮಿ.ಮೀ. ದಪ್ಪ. ಕೊನೆಗೆ ಉಳಿದ ತುಂಡು ಗೇಣುದ್ದವೂ ಇರಲಿಲ್ಲ. ಅದರ ತುದಿಯನ್ನು ಓರೆಯಾಗಿ ತೆಗೆಯಲು ಎಡಗೈಯಲ್ಲೇ ಫೆನ್ಸಿಗೆ (ಮರ ಒರಗಿಸುವ ಹಿಂದಿನ ಆಸರೆಗೆ) ಒತ್ತಿ ಹಿಡಿದಿದ್ದರು. ಬ್ಲೇಡ್ ಸರಾಗವಾಗಿ ಇಳಿಯಿತು, ಪಟ್ಟಿ ತುಂಡಾಯಿತು. ಸ್ವಿಚ್ ಬಿಟ್ಟವರು ಬ್ಲೇಡ್ ಇನ್ನೂ ತಿರುಗುತ್ತಿರುವಾಗಲೇ ಹಿಡಿಯನ್ನು ಮೇಲೆತ್ತಿದರು. ಪಕ್ಕದಲ್ಲಿ ಸಡಿಲವಾಗಿ ಬಿದ್ದಿದ್ದ ಮುಮ್ಮೂಲೆ ಚೂರು ಹಲ್ಲಿಗೆ ಸಿಕ್ಕಿ ಫೆನ್ಸಿನ ಸಂದಿಗೆ ಹೊಕ್ಕಿತು, ಬ್ಲೇಡನ್ನು ಪಕ್ಕಕ್ಕೆ ತಳ್ಳಿತು. ಸರಿದ ಬ್ಲೇಡ್ ಕೈಯಲ್ಲಿದ್ದ ತುಂಡಿನ ಮೂಲೆಯನ್ನು ಕಚ್ಚಿ ತನ್ನ ಕಡೆಗೆ ಎಳೆದುಕೊಂಡಿತು. ತುಂಡಿನ ಜತೆ ಬೆರಳುಗಳೂ ಬ್ಲೇಡಿನತ್ತ ಹೋದವು. ಹೆಬ್ಬೆರಳಿನ ತುದಿ ತುಂಡಾಯಿತು, ತೋರುಬೆರಳಿನ ಮೂಳೆಯವರೆಗೂ ಗಾಯವಾಯಿತು.

ಗಾಯವಾದವರು ಹೊಸಬರಲ್ಲ, ಕೆಲಸ ಬಲ್ಲವರು. ಇದನ್ನು ಬರೆಯಲು ಕಾರಣವೂ ಅದೇ. ಬ್ಲೇಡ್ ಕೆಳಗಿಳಿಯುವಾಗ ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಾರೆ. ಮರ ತುಂಡಾದ ಕೂಡಲೇ ಕೆಲಸ ಮುಗಿಯಿತೆಂದು ಕಣ್ಣು ಮುಂದಿನ ತುಂಡಿಗೆ ಹೋಗುತ್ತದೆ. ಅಪಾಯ ಬಂದದ್ದು ಆ ಕೆಲವು ಸೆಕೆಂಡುಗಳಲ್ಲಿ.

254 ಮಿ.ಮೀ. ವ್ಯಾಸದ ಬ್ಲೇಡ್ ನಿಮಿಷಕ್ಕೆ 5000 ಸುತ್ತು ತಿರುಗಿದರೆ ಹಲ್ಲಿನ ತುದಿಯ ವೇಗ ಸೆಕೆಂಡಿಗೆ 66 ಮೀಟರ್, ಅಂದರೆ ಗಂಟೆಗೆ ಸುಮಾರು 240 ಕಿ.ಮೀ. ಸ್ವಿಚ್ ಬಿಟ್ಟ ತಕ್ಷಣ ಈ ವೇಗ ಇಲ್ಲವಾಗುವುದಿಲ್ಲ. ಬ್ಲೇಡಿನ ಮುಂಬದಿಯ ಹಲ್ಲುಗಳು ಕೆಳಮುಖವಾಗಿ, ತಳದ ಹಲ್ಲುಗಳು ಫೆನ್ಸಿನ ಕಡೆಗೆ ಚಲಿಸುತ್ತವೆ. ಆದ್ದರಿಂದಲೇ ಕೊಯ್ಯುವಾಗ ಮರ ಟೇಬಲ್ಲಿಗೂ ಫೆನ್ಸಿಗೂ ಒತ್ತಿಕೊಂಡಿರುತ್ತದೆ. ಫೆನ್ಸಿನ ಹಿಂದೆ ಮಾತ್ರ ಹಲ್ಲುಗಳು ಮೇಲೇಳುತ್ತಿರುತ್ತವೆ. ತಿರುಗುವ ಬ್ಲೇಡನ್ನು ಎತ್ತಿದರೆ ಅದು ಸಡಿಲ ಚೂರನ್ನು ಇನ್ನೊಮ್ಮೆ ಉಜ್ಜಿಕೊಂಡು ಹೋಗುತ್ತದೆ. ಹಿಡಿಯುವವರಿಲ್ಲದ ಚೂರು ಒಂದು ಹಲ್ಲಿಗೆ ಸಿಕ್ಕರೆ ಸಾಕು, ಹಿಂದಕ್ಕೆ ಸಿಡಿದು ಗೋಡೆಗೆ ಬಡಿದು ಮುಖಕ್ಕೇ ಬರಬಹುದು, ಇಲ್ಲವೇ ಸಂದಿಯಲ್ಲಿ ಸಿಕ್ಕಿಕೊಂಡು ಮೇಲೆ ಹೇಳಿದ ಹಾಗೆ ಆಗಬಹುದು.

ಹಾಗಾಗಿ ಕ್ರಮ ಇಷ್ಟೇ. ಮರ ಮುಟ್ಟುವ ಮೊದಲೇ ಸ್ವಿಚ್ ಒತ್ತಿ, ಬ್ಲೇಡ್ ಪೂರ್ತಿ ವೇಗಕ್ಕೆ ಬರಲಿ. ನಿಧಾನವಾಗಿ, ಒಂದೇ ಸಮನಾಗಿ ಇಳಿಸಿ. ಮೋಟಾರಿನ ಸದ್ದು ಕುಗ್ಗಿದರೆ ನೀವು ಒತ್ತುತ್ತಿದ್ದೀರಿ ಎಂದರ್ಥ. ಪೂರ್ತಿ ಕೊಯ್ದ ಮೇಲೆ ಹಿಡಿಯನ್ನು ಕೆಳಗೇ ಹಿಡಿದು ಸ್ವಿಚ್ ಬಿಡಿ. ಬ್ಲೇಡ್ ನಿಂತದ್ದನ್ನು ಕಣ್ಣಿನಿಂದ ನೋಡಿ. ಆಮೇಲೆ ಎತ್ತಿ, ಆಮೇಲೆ ಚೂರು ತೆಗೆಯಿರಿ. ನೂರು ತುಂಡು ಕೊಯ್ಯುವ ದಿನವೂ ಇದೇ ಕ್ರಮ. ಪ್ರತಿ ತುಂಡಿಗೆ ಹೆಚ್ಚು ಹಿಡಿಯುವುದು ಕೆಲವೇ ಸೆಕೆಂಡು.

ಆ ಯಂತ್ರವನ್ನು ಆಮೇಲೆ ಬಿಚ್ಚಿ ನೋಡಿದಾಗ ಕಂಡದ್ದು ಇನ್ನೂ ಬೇಸರ ತರುವಂಥದ್ದು. ಬ್ಲೇಡಿನ ಕೆಳಭಾಗವನ್ನು ಮುಚ್ಚುವ ಕವಚವನ್ನು, ಅಂದರೆ ಕೆಳಗಾರ್ಡನ್ನು, ತಂತಿಯಿಂದ ಮೇಲಕ್ಕೆ ಕಟ್ಟಿದ್ದರು. ಸಾಮಾನ್ಯವಾಗಿ ಹಿಡಿ ಮೇಲೇಳುತ್ತಿದ್ದಂತೆ ಗಾರ್ಡ್ ತಾನಾಗಿ ಬ್ಲೇಡನ್ನು ಮುಚ್ಚಿಕೊಂಡು ಬರಬೇಕು. ಅಲ್ಲಿ ಬ್ಲೇಡ್ ಬೆತ್ತಲೆಯಾಗಿತ್ತು. ಕಟ್ಟಿದವರನ್ನು ಬೈಯುವುದು ಸುಲಭ, ಆದರೆ ಯಾಕೆ ಕಟ್ಟಿದರು ಎಂದು ಕೇಳಬೇಕು. ಗಾರ್ಡ್ ತಿರುಗುವ ಕೀಲಿನ ಸುತ್ತ ಮರದ ಪುಡಿ ಮತ್ತು ಅಂಟು ಸೇರಿ ಗಟ್ಟಿಯಾಗಿತ್ತು, ಸ್ಪ್ರಿಂಗ್‌ಗೆ ಅದನ್ನು ಎಳೆಯುವ ಶಕ್ತಿ ಉಳಿದಿರಲಿಲ್ಲ. ಅರ್ಧದಲ್ಲಿ ನಿಂತು ಅಡ್ಡ ಬರುತ್ತಿದ್ದ ಗಾರ್ಡನ್ನು ಶುಚಿ ಮಾಡುವ ಬದಲು ಕಟ್ಟಿಹಾಕಿದರು. ಸುರಕ್ಷತೆಯ ಕೊರತೆ ಶುರುವಾದದ್ದು ಶುಚಿ ಮಾಡದೆ ಬಿಟ್ಟ ಕಡೆ.

ಗಾರ್ಡ್ ಪರೀಕ್ಷೆಗೆ ಒಂದು ನಿಮಿಷವೂ ಬೇಡ. ಪ್ಲಗ್ ಕಿತ್ತು, ಹಿಡಿಯನ್ನು ನಿಧಾನವಾಗಿ ಇಳಿಸಿ ಎತ್ತಿ. ಯಾವ ಎತ್ತರದಲ್ಲೂ ತಡೆಯದೆ ಗಾರ್ಡ್ ತೆರೆದು ಮುಚ್ಚಬೇಕು, ಮೇಲೆ ಬಂದಾಗ ತಾನಾಗಿ ಪೂರ್ತಿ ಮುಚ್ಚಿಕೊಳ್ಳಬೇಕು. ತಡೆದರೆ ಒಣ ಬ್ರಷ್‌ನಿಂದ ಪುಡಿ ತೆಗೆದು, ಗಾಳಿ ಊದಿ (ಕಣ್ಣಿಗೆ ಕನ್ನಡಕ ಇರಲಿ), ಗಾರ್ಡನ್ನು ತೆರೆದು ಮುಚ್ಚುವ ಸನ್ನೆಕೋಲು ಎಲ್ಲಾದರೂ ಬಾಗಿದೆಯೇ ನೋಡಿ. ಪಾರದರ್ಶಕ ಗಾರ್ಡನ್ನು ಥಿನ್ನರ್, ಪೆಟ್ರೋಲ್, ಅಸಿಟೋನ್‌ನಿಂದ ಒರೆಸಬೇಡಿ. ಅದು ಪಾಲಿಕಾರ್ಬೊನೇಟ್ ಆಗಿದ್ದರೆ ದ್ರಾವಕ ತಾಗಿದ ಕಡೆ ಸಣ್ಣ ಸಣ್ಣ ಸೀಳು ಬಿಟ್ಟು, ಬಲವಾದ ಏಟಿಗೆ ಒಡೆಯುತ್ತದೆ. ಸೋಪಿನ ನೀರಲ್ಲಿ ಹಿಂಡಿದ ಬಟ್ಟೆ ಸಾಕು. ಸ್ಪ್ರಿಂಗ್ ಸೋತಿದ್ದರೆ ಬದಲಿಸಿ, ಎಳೆದು ಗಂಟು ಹಾಕಬೇಡಿ.

ಎರಡನೆಯದು ಬ್ರೇಕ್. ಆ ಯಂತ್ರದಲ್ಲಿ ಎಲೆಕ್ಟ್ರಿಕ್ ಬ್ರೇಕ್ ಇತ್ತು, ಸರಿಯಿದ್ದರೆ ಸ್ವಿಚ್ ಬಿಟ್ಟ ಕೆಲವೇ ಸೆಕೆಂಡಿನಲ್ಲಿ ಬ್ಲೇಡ್ ನಿಲ್ಲಬೇಕು. ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ ದಾಟಿಸುವ ಕಾರ್ಬನ್ ತುಂಡು, ಅಂದರೆ ಕಾರ್ಬನ್ ಬ್ರಷ್, ಸವೆದು ಬ್ರೇಕ್ ಕೆಲಸ ಬಿಟ್ಟಿತ್ತು. ಮೋಟಾರ್ ಚೆನ್ನಾಗಿಯೇ ಓಡುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಮೊದಲು ಬೇಗ ನಿಲ್ಲುತ್ತಿದ್ದ ಬ್ಲೇಡ್ ಈಗ ತಡವಾಗಿ ನಿಲ್ಲುತ್ತಿದೆ, ಅಥವಾ ಒಮ್ಮೆ ನಿಂತು ಒಮ್ಮೆ ನಿಲ್ಲದೆ ಹೋಗುತ್ತಿದೆ ಎಂದರೆ ಮೊದಲು ನೋಡಬೇಕಾದ್ದು ಬ್ರಷ್. ಬಹಳಷ್ಟು ಯಂತ್ರಗಳಲ್ಲಿ ಮೋಟಾರಿನ ಎರಡೂ ಬದಿಯಲ್ಲಿ ಸ್ಕ್ರೂಡ್ರೈವರ್‌ನಿಂದ ಬಿಚ್ಚುವ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ, ಅದರೊಳಗೆ ಸ್ಪ್ರಿಂಗ್ ಸಮೇತ ಬ್ರಷ್. ಕಾರ್ಬನ್ ಮೇಲೆ ಮಿತಿಯ ಗೆರೆ ಇದ್ದರೆ ಅದರವರೆಗೆ, ಇಲ್ಲದಿದ್ದರೆ ಸುಮಾರು 6 ಮಿ.ಮೀ.ಗೆ ಸವೆದಾಗ ಎರಡನ್ನೂ ಜೋಡಿಯಾಗಿ ಬದಲಿಸಿ. ಹಳೆಯದನ್ನೇ ಮತ್ತೆ ಹಾಕುವುದಾದರೆ ಇದ್ದ ಬದಿಗೆ, ಇದ್ದ ದಿಕ್ಕಿಗೇ ಕೂರಿಸಿ. ಬ್ರೇಕ್ ಇಲ್ಲದ ಮಾದರಿಗಳೂ ಇವೆ. ಅವುಗಳಲ್ಲಿ ಬ್ಲೇಡ್ ತಾನಾಗಿ ನಿಲ್ಲುವವರೆಗೆ ಕಾಯಬೇಕು. ಮರದ ತುಂಡು ಒತ್ತಿ ನಿಲ್ಲಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಮೂರನೆಯ ತಪ್ಪು ಬ್ಲೇಡಿನದು. ಟೇಬಲ್ ಸಾಗೆಂದು ತಂದಿದ್ದ 24 ಹಲ್ಲಿನ ಉದ್ದಸೀಳು ಬ್ಲೇಡನ್ನು (ಮರವನ್ನು ಎಳೆಯ ಉದ್ದಕ್ಕೆ ಸೀಳುವಂಥದ್ದು) ಇದಕ್ಕೆ ಹಾಕಿದ್ದರು. ವ್ಯಾಸ ಒಂದೇ, ನಡುರಂಧ್ರವೂ ಹೊಂದಿತು, ಹಾಗಾಗಿ ನಡೆಯುತ್ತದೆ ಅಂದುಕೊಂಡರು. ವ್ಯತ್ಯಾಸ ಇರುವುದು ಹಲ್ಲಿನ ಬಾಗಿನಲ್ಲಿ. ಸೀಳು ಬ್ಲೇಡಿನ ಹಲ್ಲು 20 ಡಿಗ್ರಿಯಷ್ಟು ಮುಂದಕ್ಕೆ ಬಾಗಿ ಕೊಕ್ಕೆಯಂತೆ ಮರವನ್ನು ಎಳೆದುಕೊಳ್ಳುತ್ತದೆ. ಟೇಬಲ್ ಸಾನಲ್ಲಿ ಮರವನ್ನು ನಾವು ತಳ್ಳುತ್ತೇವೆ, ಅಲ್ಲಿ ಅದು ಸರಿ. ಮೈಟರ್ ಸಾನಲ್ಲಿ ಬ್ಲೇಡೇ ಮರದ ಮೇಲೆ ಬರುವುದರಿಂದ ಅಂಥ ಹಲ್ಲು ಮರವನ್ನು ಎತ್ತುತ್ತದೆ, ಬ್ಲೇಡ್ ಹಿಂದಕ್ಕೂ ಮುಂದಕ್ಕೂ ಜಾರುವ ಸ್ಲೈಡಿಂಗ್ ಮಾದರಿಯಲ್ಲಂತೂ ತಾನೇ ಮರದ ಮೇಲೆ ಹತ್ತಲು ನೋಡುತ್ತದೆ. ಇದಕ್ಕೆ ಬೇಕಾದ್ದು ಮೈನಸ್ 5ರಿಂದ ಪ್ಲಸ್ 5 ಡಿಗ್ರಿ ಬಾಗಿನ, ಮರವನ್ನು ಎಳೆಗೆ ಅಡ್ಡವಾಗಿ ಕೊಯ್ಯುವ ಅಡ್ಡಗೊಯ್ತದ ಬ್ಲೇಡ್. 10 ಇಂಚಿನಲ್ಲಿ ಒರಟು ಕೆಲಸಕ್ಕೆ 40 ಹಲ್ಲು, ಚೌಕಟ್ಟು ಬೀಡಿಂಗ್‌ನಂಥ ನಯದ ಕೆಲಸಕ್ಕೆ 60ರಿಂದ 80. ಬ್ಲೇಡ್ ಮೇಲೆ ಬರೆದ ಗರಿಷ್ಠ ಸುತ್ತು ಯಂತ್ರದ ಸುತ್ತಿಗಿಂತ ಕಡಿಮೆ ಇರಕೂಡದು. ಅಲ್ಯುಮಿನಿಯಂಗೆ ಅದಕ್ಕೆಂದೇ ಮಾಡಿದ ಬ್ಲೇಡ್, ಮತ್ತು ಕಡ್ಡಾಯವಾಗಿ ಕ್ಲ್ಯಾಂಪ್. ಕಬ್ಬಿಣ ಬೇಡವೇ ಬೇಡ: ಕಿಡಿ ಹಾರಿ ಪುಡಿಯ ಚೀಲಕ್ಕೆ ಬೆಂಕಿ ಹತ್ತುತ್ತದೆ.

ಬ್ಲೇಡ್ ಬದಲಿಸುವಾಗ ಪ್ಲಗ್ ಗೋಡೆಯಿಂದ ಹೊರಗಿರಲಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಬಹುಪಾಲು ಮೈಟರ್ ಸಾಗಳ ಬ್ಲೇಡ್ ಬೋಲ್ಟ್ ಉಲ್ಟಾ ಥ್ರೆಡ್ಡಿನದು, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ತಿಳಿಯದೆ ಎದುರು ದಿಕ್ಕಿಗೆ ಬಲ ಹಾಕಿ ಬೋಲ್ಟಿನ ತಲೆ ಕೆಡಿಸಿಕೊಳ್ಳುವವರು ಬಹಳ. ಒಳಹೊರ ವಾಷರ್‌ಗಳ ಮುಖ ಒರೆಸಿ. ಅಲ್ಲಿ ಒಂದು ಚಿಟಿಕೆ ಪುಡಿ ಉಳಿದರೂ ಬ್ಲೇಡ್ ತುದಿಯಲ್ಲಿ ಓಲಾಡುತ್ತದೆ. ಬ್ಲೇಡಿನ ಬಾಣ ಗಾರ್ಡಿನ ಬಾಣಕ್ಕೆ ಹೊಂದಬೇಕು. ಬಿಗಿದ ಮೇಲೆ ಕೈಯಿಂದ ಒಂದು ಸುತ್ತು ತಿರುಗಿಸಿ, ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿದು, ಮರ ಇಡದೆ ಸ್ವಲ್ಪ ಹೊತ್ತು ಓಡಿಸಿ. ಕೊಯ್ದ ಕಡೆ ಮರ ಕಪ್ಪಾಗುತ್ತಿದ್ದರೆ ಬ್ಲೇಡ್ ಮೊಂಡಾಗಿದೆ ಎಂದು ಎಸೆಯುವ ಮುನ್ನ ಹಲ್ಲಿನ ಬುಡ ನೋಡಿ. ಎಷ್ಟೋ ಸಲ ಮರದ ಅಂಟು ಕಟ್ಟಿರುತ್ತದೆ. ಸೋಪಿನ ನೀರಲ್ಲಿ ನೆನೆಸಿ ನೈಲಾನ್ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿಸಿ ಹಾಕಿದರೆ ಮೊದಲಿನಂತೆ ಕೊಯ್ಯುತ್ತದೆ.

ಇನ್ನು ಮರ ಹಿಡಿಯುವ ವಿಚಾರ. ಬ್ಲೇಡಿನ ಎರಡೂ ಬದಿಗೆ 150 ಮಿ.ಮೀ. ಒಳಗೆ ಕೈ ಬರಕೂಡದು. ಟೇಬಲ್ ಮೇಲೆ ಕೆಂಪು ಬಣ್ಣದಿಂದ ಗೆರೆ ಎಳೆದಿಡಿ. ಆ ಗೆರೆಯ ಹೊರಗೆ ಹಿಡಿಯಲಾಗದಷ್ಟು ಮರ ಗಿಡ್ಡವಿದ್ದರೆ ಕೈ ಬದಲು ಕ್ಲ್ಯಾಂಪ್. ಇನ್ನೂ ಒಳ್ಳೆಯದೆಂದರೆ ಮೊದಲೇ ಯೋಚಿಸಿ ಉದ್ದದ ಪಟ್ಟಿಯಿಂದಲೇ ಸಣ್ಣ ತುಂಡುಗಳನ್ನು ತೆಗೆದು, ಕೊನೆಯ ಗೇಣುದ್ದವನ್ನು ಬಿಟ್ಟುಬಿಡುವುದು. ಆ ತುಂಡಿನ ಆಸೆಗೆ ಬೆರಳು ಕೊಡಬೇಕಿಲ್ಲ. ಕೈಗಳನ್ನು ಅಡ್ಡಾದಿಡ್ಡಿ ದಾಟಿಸಿ, ಬ್ಲೇಡಿನ ಎಡಕ್ಕಿರುವ ಮರವನ್ನು ಬಲಗೈಯಿಂದ ಹಿಡಿಯುವುದೂ ಬೇಡ. ಗ್ಲೌಸ್ ಹಾಕಬೇಡಿ, ಬಟ್ಟೆ ಹಲ್ಲಿಗೆ ಸಿಕ್ಕರೆ ಕೈಯನ್ನೇ ಎಳೆದುಕೊಳ್ಳುತ್ತದೆ.

ಸಡಿಲ ಚೂರು ಹೊಕ್ಕ ಸಂದಿಯನ್ನು ಮುಚ್ಚುವುದು ಬಹಳ ಸುಲಭ, ಆದರೆ ಮಾಡುವವರು ಕಡಿಮೆ. 45 ಡಿಗ್ರಿಗೂ ತಿರುಗಬೇಕಾದ್ದರಿಂದ ಯಂತ್ರದ ಫೆನ್ಸ್ ನಡುವೆ ಅಗಲ ಬಾಯಿ ಬಿಟ್ಟಿರುತ್ತದೆ. 12 ಮಿ.ಮೀ. ಪ್ಲೈವುಡ್‌ನ ನೇರ ಪಟ್ಟಿಯೊಂದನ್ನು ಫೆನ್ಸಿನ ಮುಂದೆ ಎರಡೂ ಕಡೆ ಸೇರುವಂತೆ, ಫೆನ್ಸಿನಲ್ಲಿರುವ ತೂತುಗಳ ಮೂಲಕ ಹಿಂದಿನಿಂದ ಸ್ಕ್ರೂ ಹಾಕಿ ಕೂರಿಸಿ. ಸ್ಕ್ರೂ ಬ್ಲೇಡಿನ ದಾರಿಗೆ ಬರಬಾರದು. ಬೇಕಾದ ಕೋನದಲ್ಲಿ ಒಮ್ಮೆ ಕೊಯ್ದರೆ ಬ್ಲೇಡಿನಷ್ಟೇ ಅಗಲದ ಸೀಳು ಉಳಿಯುತ್ತದೆ, ಚೂರು ಹೊಕ್ಕಲು ಜಾಗವೇ ಇರುವುದಿಲ್ಲ. ಮರದ ಹಿಂಬದಿ ಸಿಬಿರೇಳುವುದೂ ನಿಲ್ಲುತ್ತದೆ. ಕೋನ ಬದಲಾದಾಗ ಹೊಸ ಪಟ್ಟಿ ಹಾಕಿ. ಟೇಬಲ್ ನಡುವಿನ ಪ್ಲಾಸ್ಟಿಕ್ ಪಟ್ಟಿ ಅಗಲವಾಗಿ ತಿಂದುಹೋಗಿದ್ದರೆ ಅದನ್ನೂ ಬದಲಿಸಿ.

ಒಂದೇ ಅಳತೆಯ ತುಂಡುಗಳಿಗೆ ಸ್ಟಾಪ್ ಬ್ಲಾಕ್ (ಮರದ ತುದಿ ತಾಗಿ ನಿಲ್ಲುವ ತಡೆಕಟ್ಟೆ) ಇಡುವವರು ಗಮನಿಸಿ: ಸ್ಟಾಪ್ ಇರುವ ಬದಿಯ ತುಂಡನ್ನು ಕ್ಲ್ಯಾಂಪ್ ಹಾಕಿ ಹಿಡಿದಿರಬೇಕು, ಇನ್ನೊಂದು ಬದಿಯ ತುಂಡು ಬಿಡುವಾಗಿರಬೇಕು. ಯಾರೂ ಹಿಡಿಯದ ತುಂಡು ಬ್ಲೇಡ್ ಮತ್ತು ಸ್ಟಾಪ್ ನಡುವೆ ಬಂದಿಯಾದರೆ ಅದು ಸ್ವಲ್ಪ ವಾಲಿದರೂ ಸಾಕು, ಸಿಡಿಯುತ್ತದೆ.

ಬಾಗಿದ ಮರವನ್ನು ಉಬ್ಬಿದ ಬದಿ ಫೆನ್ಸಿಗೆ ತಾಗುವಂತೆ ಇಟ್ಟು ಕ್ಲ್ಯಾಂಪ್ ಮಾಡಿ. ತಗ್ಗಿನ ಬದಿ ಫೆನ್ಸಿನ ಕಡೆಗಿದ್ದರೆ ಕೊಯ್ಯುವ ಜಾಗದಲ್ಲೇ ಸಂದಿ ಉಳಿದು, ಕೊಯ್ಯುತ್ತಿದ್ದಂತೆ ಮರ ಕುಸಿದು ಬ್ಲೇಡನ್ನು ಎರಡೂ ಕಡೆಯಿಂದ ಹಿಂಡುತ್ತದೆ. ಉದ್ದ ಮರಕ್ಕೆ ಟೇಬಲ್ಲಿನ ಮಟ್ಟಕ್ಕೇ ಆಸರೆ ಕೊಡಿ. ಇನ್ನೊಬ್ಬರನ್ನು ತುದಿ ಹಿಡಿಯಲು ನಿಲ್ಲಿಸಬೇಡಿ. ಅವರ ಕೈ ಸ್ವಲ್ಪ ಏರಿಳಿದರೂ ಬ್ಲೇಡ್ ಬಿಗಿದು ಇಬ್ಬರಿಗೂ ಅಪಾಯ. ದುಂಡು ಕೋಲಿಗೆ ವಿ ಆಕಾರದ ಬ್ಲಾಕ್ ಇಲ್ಲದೆ ಕೈ ಹಾಕಬೇಡಿ, ಅದು ಉರುಳುತ್ತದೆ.

ಸ್ಲೈಡಿಂಗ್ ಮಾದರಿಯಲ್ಲಿ ಹಿಡಿಯನ್ನು ಮೊದಲು ನಿಮ್ಮ ಕಡೆಗೆ ಎಳೆದುಕೊಂಡು, ಸ್ವಿಚ್ ಒತ್ತಿ, ಕೆಳಗಿಳಿಸಿ, ಆಮೇಲೆ ಫೆನ್ಸಿನ ಕಡೆಗೆ ತಳ್ಳುತ್ತ ಕೊಯ್ಯಬೇಕು. ತನ್ನೆಡೆಗೆ ಎಳೆಯುತ್ತ ಕೊಯ್ದರೆ ಬ್ಲೇಡ್ ಮರದ ಮೇಲೆ ಹತ್ತಿ ನಿಮ್ಮ ಮೇಲೆಯೇ ನುಗ್ಗುತ್ತದೆ. ಜಾರುವ ಸರಳುಗಳಿಗೆ ಗ್ರೀಸ್ ಬಳಿದರೆ ಪುಡಿ ಮೆತ್ತಿಕೊಳ್ಳುತ್ತದೆ, ಒರೆಸಿ ಒಣ ಲೂಬ್ರಿಕೆಂಟ್ ತೆಳುವಾಗಿ ಹಾಕಿ.

ಮರದ ಪುಡಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಚೀಲ ಎಲ್ಲ ಪುಡಿಯನ್ನೂ ಹಿಡಿಯುವುದಿಲ್ಲ. ವ್ಯಾಕ್ಯೂಮ್ ಜೋಡಿಸಿ, ಎನ್95 ಮಟ್ಟದ ಮಾಸ್ಕ್ ಹಾಕಿ, ಕಿವಿಗೆ ಪ್ಲಗ್ ಇರಲಿ.

ಇಷ್ಟೆಲ್ಲ ಆದಮೇಲೂ ಮರ ಸಿಕ್ಕಿಕೊಂಡರೆ ಎಳೆದಾಡಬೇಡಿ. ಸ್ವಿಚ್ ಬಿಡಿ, ಹಿಡಿ ಇದ್ದಲ್ಲೇ ಇರಲಿ, ಬ್ಲೇಡ್ ನಿಲ್ಲಲಿ, ಪ್ಲಗ್ ಕೀಳಿ, ಆಮೇಲೆ ಬಿಡಿಸಿ. ಗಾಯವಾದರೆ ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಕೈ ಎತ್ತಿ ಹಿಡಿಯಿರಿ. ತುಂಡಾದ ಬೆರಳನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ನೀರಲ್ಲಿಟ್ಟು ಜತೆಯಲ್ಲೇ ಆಸ್ಪತ್ರೆಗೆ ಒಯ್ಯಿರಿ. ಬೆರಳಿಗೆ ನೇರವಾಗಿ ಐಸ್ ತಾಗಬಾರದು.

ಸಿಕ್ಕಿಕೊಂಡ ಯಂತ್ರವನ್ನು ಹಾಗೆಯೇ ಮತ್ತೆ ಓಡಿಸಬೇಡಿ. ಬ್ಲೇಡ್ ಬಿಚ್ಚಿ ಪ್ರತಿ ಹಲ್ಲಿನ ಕಾರ್ಬೈಡ್ ತುದಿ ನೋಡಿ. ಒಂದು ತುದಿ ಕಿತ್ತಿದ್ದರೂ, ತಟ್ಟೆಯಲ್ಲಿ ಸೀಳು ಕಂಡರೂ ಆ ಬ್ಲೇಡ್ ಗುಜರಿಗೆ. ಟ್ರೈ ಸ್ಕ್ವೇರನ್ನು (ಲಂಬಕೋನ ಅಳೆಯುವ ಮೂಲೆಮಟ್ಟವನ್ನು) ಹಲ್ಲಿಗೆ ತಾಗಿಸದೆ ಬ್ಲೇಡಿನ ತಟ್ಟೆಗೆ ಒರಗಿಸಿ ಫೆನ್ಸ್ 90 ಡಿಗ್ರಿ ಉಳಿದಿದೆಯೇ ನೋಡಿ. ನೇರ ಪಟ್ಟಿಯೊಂದನ್ನು ಕೊಯ್ದು, ಒಂದು ಅರ್ಧವನ್ನು ಮಗುಚಿ, ಎರಡನ್ನೂ ನೇರ ಅಂಚಿಗೆ ಒತ್ತಿ ಜೋಡಿಸಿದಾಗ ಸಂದಿ ಕಂಡರೆ ಫೆನ್ಸ್ ಸರಿದಿದೆ. ಕಾಣುವ ಸಂದಿ ನಿಜವಾದ ತಪ್ಪಿನ ಎರಡರಷ್ಟು. ಫೆನ್ಸಿನ ಬೋಲ್ಟ್ ಸಡಿಲಿಸಿ ಸರಿಪಡಿಸಿ, ಫೆನ್ಸೇ ಬಾಗಿದ್ದರೆ ಹೊಸದು ತರಿಸುವವರೆಗೆ ಯಂತ್ರದ ಪ್ಲಗ್ ಹಾಕಬೇಡಿ.