ಬೈಬಲ್ ವ್ಯಾಖ್ಯಾನ: ಟಿಂಡೇಲ್ ಸಾಕಾ, ವರ್ಡ್ ಬೇಕಾ?

ಟಿಂಡೇಲ್, ವರ್ಡ್ ಎರಡೂ ಬೈಬಲ್ ಪುಸ್ತಕಗಳನ್ನು ವಿವರಿಸುವ ಇಂಗ್ಲಿಷ್‌ನ ಹೆಸರಾಂತ ಮಾಲೆಗಳು. ಎರಡನ್ನೂ ಬರೆದವರು ವಿದ್ವಾಂಸರೇ. ಆದರೆ ಓದುವ ಅನುಭವ ಪೂರ್ತಿ ಬೇರೆ.

ಬೈಬಲ್‌ನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರದ 5:1 (5ನೇ ಅಧ್ಯಾಯ, 1ನೇ ವಚನ) ತಗೊಳ್ಳಿ. ಕೆಲವು ಗ್ರೀಕ್ ಹಸ್ತಪ್ರತಿಗಳಲ್ಲಿ ‘ಎಖೊಮೆನ್’ ಇದೆ, ಅಂದರೆ ದೇವರೊಂದಿಗೆ ನಮಗೆ ಸಮಾಧಾನ ಇದೆ. ಇನ್ನು ಕೆಲವುಗಳಲ್ಲಿ ‘ಎಖೋಮೆನ್’, ಅಂದರೆ ಸಮಾಧಾನದಿಂದ ಇರೋಣ. ಒಂದು ಸ್ವರ ಹ್ರಸ್ವವೋ ದೀರ್ಘವೋ ಅನ್ನೋದರ ಮೇಲೆ ಇಡೀ ಅರ್ಥ ನಿಂತಿದೆ! ಇಂಥ ಜಾಗದಲ್ಲಿ ವರ್ಡ್ ಮಾಲೆ ನಿಜಕ್ಕೂ ಕೈ ಹಿಡಿಯುತ್ತದೆ. ಪ್ರತಿ ಭಾಗಕ್ಕೂ ಪುಸ್ತಕಗಳ ಪಟ್ಟಿ, ಹೊಸ ಅನುವಾದ, ಪಾಠಭೇದದ (ಹಸ್ತಪ್ರತಿಗಳ ನಡುವಿನ ಇಂಥ ವ್ಯತ್ಯಾಸದ) ಟಿಪ್ಪಣಿ, ರಚನೆಯ ಚರ್ಚೆ, ವಚನದಿಂದ ವಚನಕ್ಕೆ ವಿವರಣೆ, ಕೊನೆಗೆ ಒಟ್ಟು ತಾತ್ಪರ್ಯ. ಈ ಪತ್ರಕ್ಕೇ ಜೇಮ್ಸ್ ಡನ್ 1988ರಲ್ಲಿ ಎರಡು ದಪ್ಪ ಸಂಪುಟ ಬರೆದರು. ಗ್ರೀಕ್ ಲಿಪಿ ಓದಲು ಬರದಿದ್ದರೆ ಮಾತ್ರ ಸ್ವಲ್ಪ ಕಷ್ಟ. ಆಗ ಮೊದಲು ಕೊನೆಯ ತಾತ್ಪರ್ಯ ಓದಿ, ಆಮೇಲೆ ಹಿಂದಕ್ಕೆ ಬನ್ನಿ. ನನಗೆ ಇದು ತುಂಬಾ ಉಪಯೋಗವಾಗಿದೆ.

ಟಿಂಡೇಲ್‌ನಲ್ಲಿ ಇದೇ ಪತ್ರಕ್ಕೆ ಎಫ್. ಎಫ್. ಬ್ರೂಸ್ 1963ರಲ್ಲಿ ಬರೆದದ್ದು ಒಂದೇ ಚಿಕ್ಕ ಪುಸ್ತಕ. ಪೌಲನ ವಾದ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಬೇಗ ಕಾಣುತ್ತದೆ. ಮೊದಲ ಸಲ ಓದುವವರಿಗೆ ನಾನು ಇದನ್ನೇ ಕೊಡುತ್ತೇನೆ.

ಮ್ಯಾಥ್ಯೂ ಹೆನ್ರಿಯವರ ಹಳೆಯ ಬೈಬಲ್ ವ್ಯಾಖ್ಯಾನ ಸಾಲದಾ ಅಂತ ಕೇಳುವವರಿದ್ದಾರೆ. ಭಕ್ತಿಯ ಓದಿಗೆ ಅದು ಚೆನ್ನ. ಆದರೆ ಅವರು 1714ರಲ್ಲೇ ತೀರಿಕೊಂಡರು. ಆಮೇಲೆ ಸಿಕ್ಕ ಹಸ್ತಪ್ರತಿಗಳ ಬೆಳಕು ಅದರಲ್ಲಿಲ್ಲ. ರೋಮಾಪುರದವರಿಗೆ ಬರೆದ ಈ ಪತ್ರದಿಂದ ಹಿಡಿದು ಕೊನೆಯವರೆಗಿನ ಭಾಗವನ್ನು ಮುಗಿಸಿದವರೂ ಬೇರೆಯವರೇ.