ಆಲಿವ್ ಗಾಣದ ಟೂ-ಫೇಸ್ ಡಿಕ್ಯಾಂಟರ್: ನೀರು ಉಳಿತಾಯವಾಯಿತು, ಹಿಂಡಿ ಉಳಿದುಕೊಂಡಿತು

ಆಲಿವ್ ಎಣ್ಣೆ ತೆಗೆದ ಮೇಲೆ ಉಳಿಯುವ ಕಪ್ಪು, ಆಮ್ಲೀಯ ನೀರನ್ನು ಕಂಡವರಿಗೆ ಟೂ-ಫೇಸ್ ಡಿಕ್ಯಾಂಟರಿನ, ಅಂದರೆ ಅರೆದ ಆಲಿವನ್ನು ವೇಗವಾಗಿ ತಿರುಗಿಸಿ ಎಣ್ಣೆ ಮತ್ತು ಒದ್ದೆ ಹಿಂಡಿ ಎಂದು ಎರಡೇ ಭಾಗವಾಗಿ ಬೇರ್ಪಡಿಸುವ ಯಂತ್ರದ, ಮಹತ್ವ ಬೇಗ ತಿಳಿಯುತ್ತದೆ. ಆ ನೀರಿನ ಫೀನಾಲ್ ಸಂಯುಕ್ತಗಳು ಬೀಜ ಮೊಳೆಯುವುದನ್ನು ತಡೆಯುತ್ತವೆ. ಸಂಸ್ಕರಣಾ ಘಟಕದಲ್ಲಿ ಮೀಥೇನ್ ಉತ್ಪಾದಿಸಬೇಕಾದ ಸೂಕ್ಷ್ಮಜೀವಿಗಳನ್ನೂ ಅವು ಹತ್ತಿಕ್ಕುವುದರಿಂದ, ಮೊದಲು ಸುಣ್ಣ ಹಾಕಿಯೋ ನೀರು ಬೆರೆಸಿಯೋ ಅದರ ವಿಷತ್ವವನ್ನು ತಗ್ಗಿಸಬೇಕಾಗುತ್ತದೆ. 1990ರ ದಶಕದಲ್ಲಿ ಸ್ಪೇನಿನ ಗಾಣಗಳಲ್ಲಿ ಹರಡಿದ ಟೂ-ಫೇಸ್ ಡಿಕ್ಯಾಂಟರಿಗೆ ಹೊರಗಿನ ನೀರು ಬಹುತೇಕ ಬೇಡವಾದ್ದರಿಂದ ತ್ಯಾಜ್ಯ ನೀರು ಬಹಳ ಕಡಿಮೆಯಾಗುತ್ತದೆ, ಮತ್ತು ಇದು ನಿಜಕ್ಕೂ ದೊಡ್ಡ ಗೆಲುವು. ಆದರೆ ಫೀನಾಲ್‌ಗಳು ಮಾಯವಾಗುವುದಿಲ್ಲ; ಸುಮಾರು ಶೇ. 65ರಷ್ಟು ತೇವವಿರುವ ಹಿಂಡಿಯೊಳಗೆ ಅವು ಸೇರಿಕೊಳ್ಳುತ್ತವೆ, ಅದನ್ನು ಒಣಗಿಸಲು ಇಂಧನವೂ ಹೆಚ್ಚು ಬೇಕು. ಹಿಂಡಿಯನ್ನು ಕಾಂಪೋಸ್ಟ್ ಮಾಡುವ ಏರ್ಪಾಡು ಇರುವ ಗಾಣಕ್ಕೆ ಮಾತ್ರ ಇದನ್ನು ಮನಸಾರೆ ಶಿಫಾರಸು ಮಾಡುತ್ತೇನೆ.