ಬ್ಯೂಲಿಯ ಮೋಟಾರು ಸಂಗ್ರಹಾಲಯ: ವೇಗದ ದಾಖಲೆ ಬರೆದ ಕಾರುಗಳ ಮುಂದೆ

ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ, ನ್ಯೂ ಫಾರೆಸ್ಟ್ ಕಾಡಿನ ನಡುವೆ ಇರುವ ಬ್ಯೂಲಿಯ ರಾಷ್ಟ್ರೀಯ ಮೋಟಾರು ಸಂಗ್ರಹಾಲಯವನ್ನು ಲಾರ್ಡ್ ಮೊಂಟಾಗು ಅವರು ಬ್ರಿಟನ್ನಿನ ಮೋಟಾರು ಯುಗದ ಆದ್ಯರಲ್ಲಿ ಒಬ್ಬರಾಗಿದ್ದ ತಮ್ಮ ತಂದೆಯ ನೆನಪಿಗಾಗಿ 1952ರಲ್ಲಿ, ಸ್ವಂತ ಮನೆಯ ಹಜಾರದಲ್ಲಿ ಬೆರಳೆಣಿಕೆಯ ಕಾರುಗಳನ್ನಿಟ್ಟು ಆರಂಭಿಸಿದರು.

ಹಳೆಯ ಕಾರುಗಳ ಸಾಲು ಸೊಗಸಾಗಿಯೇ ಇದೆ. ಆದರೆ ಇಲ್ಲಿಗೆ ಬರಲೇಬೇಕಾದದ್ದು ವೇಗದ ದಾಖಲೆ ಬರೆದ ವಾಹನಗಳಿಗಾಗಿ ಎಂಬುದು ನನ್ನ ದೃಢ ಅಭಿಪ್ರಾಯ. 1929ರಲ್ಲಿ ಹೆನ್ರಿ ಸೀಗ್ರೇವ್ ಡೇಟೋನಾ ಕಡಲತೀರದಲ್ಲಿ ಗಂಟೆಗೆ ಸುಮಾರು 372 ಕಿಲೋಮೀಟರ್ ವೇಗದಲ್ಲಿ ಓಡಿಸಿದ ‘ಗೋಲ್ಡನ್ ಆ್ಯರೋ’ದ ಪಕ್ಕದಲ್ಲಿ ಬಗ್ಗಿ ನೋಡಿ: ನೇಪಿಯರ್ ವಿಮಾನ ಎಂಜಿನ್ನಿನ ಮೂರು ಸಾಲು ಸಿಲಿಂಡರುಗಳ ಆಕಾರಕ್ಕೆ ತಕ್ಕಂತೆಯೇ ಮೂತಿಯ ಲೋಹದ ಹೊದಿಕೆಯನ್ನು ಬಾಗಿಸಿದ್ದಾರೆ, ದಿಕ್ಕು ತಪ್ಪದಿರಲೆಂದು ಚಾಲಕನ ಮುಂದೆ ಬಂದೂಕಿಗಿರುವಂಥ ಗುರಿಕಾಣಿಯನ್ನೇ ಜೋಡಿಸಿದ್ದರು, ಎಂಜಿನ್ನಿನ ನೀರನ್ನು ತಣಿಸಲು ಮಂಜುಗಡ್ಡೆಯನ್ನು ಬಳಸಿದ್ದರು. ಗಾಳಿಯ ತಡೆಯನ್ನು ಕಡಿಮೆ ಮಾಡಲು ಎಷ್ಟು ಯೋಚಿಸಿದ್ದರೆಂಬುದು ಅದರ ಮೈಯಲ್ಲೇ ಓದಲು ಸಿಗುತ್ತದೆ.

ಡೊನಾಲ್ಡ್ ಕ್ಯಾಂಪ್‌ಬೆಲ್ 1964ರಲ್ಲಿ ಆಸ್ಟ್ರೇಲಿಯಾದ ಏರ್ ಸರೋವರದ ಉಪ್ಪಿನ ಬಯಲಲ್ಲಿ ಗಂಟೆಗೆ ಸುಮಾರು 649 ಕಿಲೋಮೀಟರ್ ಮುಟ್ಟಿದ ನೀಲಿ ‘ಬ್ಲೂಬರ್ಡ್’ ಕೂಡ ಇಲ್ಲಿದೆ. ಅದರ ಗ್ಯಾಸ್ ಟರ್ಬೈನು ಜೆಟ್ಟಿನಂತೆ ಹಿಂದಕ್ಕೆ ಬಿಸಿಗಾಳಿ ಉಗುಳಿ ಮುನ್ನುಗ್ಗದೆ, ನಾಲ್ಕೂ ಚಕ್ರಗಳನ್ನು ತಿರುಗಿಸುತ್ತಿತ್ತು. ಆದ್ದರಿಂದಲೇ ಆ ಸಾಧನೆಯ ಮೇಲೆ ನನಗೆ ಹೆಚ್ಚಿನ ಗೌರವ.

ಅರಮನೆಯಂಥ ಮನೆ ಮತ್ತು ಹಳೆಯ ಮಠದ ಅವಶೇಷಗಳೂ ಇದೇ ಆವರಣದಲ್ಲಿರುವುದರಿಂದ ಇಡೀ ದಿನವನ್ನು ಮೀಸಲಿಡಿ. ಬೆಳಗಿನ ಹೊತ್ತನ್ನು ಮಾತ್ರ ಕಾರುಗಳಿಗೇ ಕೊಡಿ.